ಕೆಡಿಸಿ ಕಲಿತ ಕೈಗಳು

ಸಾಗರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಜಗಲಿಯಲ್ಲಿ, ಒಂದು ಸಂಜೆ, ಮಲೆನಾಡಿನ ಕೈಕಸುಬುಗಳ ಬಗ್ಗೆ ಮಾತಾಡಿದ್ದೆ. ಬಂದಿದ್ದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಮಾತನ್ನು ಜಾಸ್ತಿ ತಿದ್ದಿಲ್ಲ. ಮಧ್ಯೆ ಬಂದ ಪ್ರಶ್ನೆಗಳನ್ನೂ ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಳೆ ಸ್ವಲ್ಪ ಬಿಡುವು ಕೊಟ್ಟಿದೆ, ಹೆಂಚಿನ ಮೇಲೆ ಮತ್ತೆ ಹೊಯ್ಯಲು ಶುರುವಾದರೆ ನನ್ನ ಮಾತು ಹಿಂದಿನವರಿಗೆ ಕೇಳುವುದಿಲ್ಲ. ಹಾಗಾಗಿ ನೇರ ಅಜ್ಜಿಯಿಂದಲೇ ಶುರು ಮಾಡುತ್ತೇನೆ.

ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಸೊಸೈಟಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಆದರೆ ಊರಲ್ಲಿ ಯಾರ ಮನೆಯಲ್ಲಾದರೂ ಮದುವೆ ಗೊತ್ತಾಯಿತು ಅಂದರೆ ಅವರು ನಮ್ಮ ಮನೆಗೆ ಬಂದು, ನೀರು ಬೆಲ್ಲ ಮುಗಿಸಿ, ಕೇಳುತ್ತಿದ್ದ ಮಾತು ಒಂದೇ. "ಅಜ್ಜಿ, ನಮ್ಮನೆ ಗೋಡೆ ಬರ್ದು ಕೊಡ್ಬೇಕು." ಗಮನಿಸಿ, ಬರೆದು ಕೊಡಬೇಕು. ನಮ್ಮ ಕಡೆ ಚಿತ್ತಾರವನ್ನು ಬರೆಯುತ್ತಾರೆ. ಹೆಬ್ಬೆಟ್ಟಿನ ಹೆಂಗಸನ್ನು ಇಡೀ ಊರು ಬರೆಯುವವಳು ಅಂತ ಕರೆಯುತ್ತಿತ್ತು. ಅದಕ್ಕೊಂದು ಹೆಸರೂ ಇದೆ, ಚಿತ್ತಾರಗಿತ್ತಿ. ಸೂಲಗಿತ್ತಿ ಅನ್ನುವ ಹಾಗೆ. ಒಂದು ಮಗು ಹುಟ್ಟಬೇಕಾದರೆ ಒಬ್ಬಳು, ಒಂದು ಮದುವೆ ಆಗಬೇಕಾದರೆ ಇನ್ನೊಬ್ಬಳು.

ಇಲ್ಲಿ ಕೂತಿರುವ ಮಕ್ಕಳಿಗೋಸ್ಕರ ಆ ಗೋಡೆ ಹೇಗೆ ಆಗುತ್ತದೆ ಅಂತ ಒಂದು ಸಲ ಹೇಳಿಬಿಡುತ್ತೇನೆ. ದೀವರ ಸಮುದಾಯದ ಮನೆಯ ಮದುವೆಯಲ್ಲಿ ಗಂಡು ಹೆಣ್ಣನ್ನು ಹಸೆಗೆ ಕೂರಿಸುತ್ತಾರಲ್ಲ, ಅವರ ಬೆನ್ನ ಹಿಂದಿನ ಗೋಡೆಯೇ ಹಸೆಗೋಡೆ. ಮೊದಲು ಕೆಮ್ಮಣ್ಣು ತರಬೇಕು. ಅದನ್ನು ನೆನೆಸಿ, ಕಲ್ಲು ಕಸ ಸೋಸಿ, ಬಟ್ಟೆ ಅದ್ದಿ ಗೋಡೆಗೆ ಬಳಿಯಬೇಕು. ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ. ಆಮೇಲೆ ಬಿಳಿ. ಬಿಳಿ ಅಂದರೆ ಅಕ್ಕಿ ನೆನೆಸಿ ನುಣ್ಣಗೆ ಅರೆದ ಹಿಟ್ಟು. ಕಪ್ಪು ಬೇಕಾದರೆ ಅದೇ ಅಕ್ಕಿಯನ್ನು ಕರಕಾಗುವ ತನಕ ಹುರಿದು ಅರೆಯುವುದು. ಹಳದಿಗೆ ಗುರಿಗೆ ಕಾಯಿ. ಕುಂಚಕ್ಕೆ ಪುಂಡಿ ನಾರು, ಗೆರೆ ಎಷ್ಟು ದಪ್ಪ ಬೇಕೋ ಅಷ್ಟು ಎಳೆ ಸೇರಿಸಿ ಕಟ್ಟಿಕೊಳ್ಳುವುದು. ಅಡುಗೆಮನೆ, ಗದ್ದೆ, ಗುಡ್ಡ. ಬಣ್ಣದ ಅಂಗಡಿ ಇಷ್ಟರೊಳಗೇ ಇತ್ತು.

ಬರೆಯುವುದೆಲ್ಲ ಗೆರೆ. ಅಡ್ಡ ಗೆರೆ, ಉದ್ದ ಗೆರೆ, ಓರೆ ಗೆರೆ. ಗೆರೆಗಳ ಚೌಕಟ್ಟೊಳಗೆ ಚೌಕಟ್ಟು, ಅದರೊಳಗೆ ತೇರು, ದಂಡಿಗೆ, ಬಾಸಿಂಗ, ನಡುವೆ ತ್ರಿಕೋನದ ಮೈಯ ಮದುಮಕ್ಕಳು. ನಮ್ಮ ಅಜ್ಜಿ ಸ್ಕೇಲ್ ಹಿಡಿದಿದ್ದನ್ನು ನಾನು ನೋಡಿಲ್ಲ. ಪೆನ್ಸಿಲ್ ಗುರುತೂ ಇಲ್ಲ. ಉಸಿರು ಹಿಡಿದು ಒಂದು ಗೆರೆ ಎಳೆಯುತ್ತಿದ್ದರು, ಗೆರೆ ಮುಗಿದ ಮೇಲೆ ಉಸಿರು ಬಿಡುತ್ತಿದ್ದರು. ಹತ್ತಿರ ಕೂತರೆ ಆ ಉಸಿರು ಕೇಳುತ್ತಿತ್ತು. ನನಗೆ ಆ ಗೋಡೆಗಳಿಗಿಂತ ಜಾಸ್ತಿ ನೆನಪಿರುವುದು ಆ ಉಸಿರೇ.

ಈಗ ವಿಷಯಕ್ಕೆ ಬರುತ್ತೇನೆ. ಇವರಿಗೆಲ್ಲ ಯಾರು ಕಲಿಸಿದರು? ಅಜ್ಜಿಯನ್ನು ಎಷ್ಟೋ ಸಲ ಕೇಳಿದ್ದೆ. "ಯಾರ್ ಕಲಿಸ್ತಾರೆ ಮಗಾ, ನೋಡ್ತಾ ನೋಡ್ತಾ ಬಂತು" ಅನ್ನುತ್ತಿದ್ದರು. ಬುಟ್ಟಿ ಹೆಣೆಯುವ ಮೇದಾರರನ್ನು ಕೇಳಿದರೂ ಇದೇ ಉತ್ತರ, ಮರ ಕೆತ್ತುವವರನ್ನು ಕೇಳಿದರೂ ಇದೇ. ನಾವು ಅದನ್ನು ಕೇಳಿ "ಅಬ್ಬಾ, ತಾನಾಗೇ ಕಲಿತರಂತೆ, ದೇವರು ಕೊಟ್ಟ ಕಲೆ" ಅಂತ ಹೊಗಳಿ ಎದ್ದು ಬರುತ್ತೇವೆ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಈಗ ಆ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಹಳೇ ಮನೆಯಲ್ಲಿ ಹಸೆಗೋಡೆಯ ಪಕ್ಕ, ಕೊಟ್ಟಿಗೆಗೆ ಹೋಗುವ ಬಾಗಿಲಿನ ಹತ್ತಿರ, ಒಂದು ಮೊಳ ಅಗಲದ ಗೋಡೆ ಇತ್ತು. ಅಜ್ಜಿ ಕೆಮ್ಮಣ್ಣು ಬಳಿಯುವಾಗ ಅದಕ್ಕೂ ಬಳಿಯುತ್ತಿದ್ದರು. ಬರೆಯುತ್ತಿರಲಿಲ್ಲ. ಅದು ಮನೆಯ ಹುಡುಗಿಯರಿಗೆ ಬಿಟ್ಟ ಜಾಗ. ನಮ್ಮ ಅಮ್ಮ, ದೊಡ್ಡಮ್ಮ, ಚಿಕ್ಕಮ್ಮಂದಿರು ಎಲ್ಲ ಅಲ್ಲೇ ಉಳಿದ ಹಿಟ್ಟಿನಲ್ಲಿ, ಸವೆದ ಕುಂಚದಲ್ಲಿ, ಗೀಚಿ ಗೀಚಿ ಬೆಳೆದವರು. ಗೆರೆ ಸೊಟ್ಟ ಆಗುತ್ತಿತ್ತು, ಹಿಟ್ಟು ಸೋರುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ. ಸರಿ ಅಂತಲೂ ಅನ್ನುತ್ತಿರಲಿಲ್ಲ. ಮುಂದಿನ ಹಬ್ಬಕ್ಕೆ ಮತ್ತೆ ಕೆಮ್ಮಣ್ಣು ಬಳಿದರೆ ಎಲ್ಲ ಮುಚ್ಚಿಹೋಗುತ್ತಿತ್ತು. ಮತ್ತೆ ಗೀಚುವುದು. ಹೀಗೆ ಆರೇಳು ವರ್ಷ ಕೆಡಿಸಿದ ಮೇಲೆ ಒಂದು ದಿನ ಅಜ್ಜಿ ಸುಮ್ನೆ, ಏನೂ ಹೇಳದೆ, ದೊಡ್ಡ ಗೋಡೆಯ ಅಂಚಿನ ಗೆರೆಯನ್ನು ದೊಡ್ಡಮ್ಮನಿಗೆ ಬಿಟ್ಟುಕೊಟ್ಟರಂತೆ. ದೊಡ್ಡಮ್ಮ ಈಗಲೂ ಆ ದಿನದ ಮಾತು ಬಂದರೆ ದನಿ ಸಣ್ಣ ಮಾಡಿಕೊಂಡು ಹೇಳುತ್ತಾರೆ.

ಅದು ಶಾಲೆ ಅಲ್ವಾ? ಹಾಜರಿ ಪುಸ್ತಕ ಇರಲಿಲ್ಲ ಅಷ್ಟೇ. ತಾನಾಗೇ ಕಲಿತರು ಅನ್ನುವಾಗ ನಾವು ಆ ಒಂದು ಮೊಳದ ಗೋಡೆಯನ್ನು ಲೆಕ್ಕದಿಂದ ಬಿಟ್ಟುಬಿಡುತ್ತೇವೆ. ಕೆಡಿಸುವುದಕ್ಕೆ ಒಂದು ಜಾಗ, ಕೆಡಿಸುವುದಕ್ಕೆ ಒಂದಿಷ್ಟು ಸಾಮಾನು, ಕೆಡಿಸಿದರೆ ಬೈಯದ ಒಬ್ಬ ಹಿರಿಯರು. ಈ ಮೂರು ಇದ್ದಲ್ಲಿ ಮಕ್ಕಳು ತಾವಾಗೇ ಕಲಿಯುತ್ತಾರೆ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟನ್ನೇ.

ಬಿದಿರಿನ ಕಥೆ ನೋಡಿ. ನಮ್ಮ ಬದುಕಲ್ಲಿ ಬಿದಿರು ಎಲ್ಲಿರಲಿಲ್ಲ ಹೇಳಿ. ಅಕ್ಕಿ ಕೇರುವ ಮೊರ, ಗೊಬ್ಬರ ಹೊರುವ ಹೆಡಿಗೆ, ಮುಂಗಾರು ಶುರುವಿನಲ್ಲಿ ಹತ್ತುಮೀನು ಹಿಡಿಯುವ ಕೂಣಿ, ನಾಟಿ ಮಾಡುವಾಗ ಮಳೆಗೆ ಬೆನ್ನಿಗೆ ಹಾಕಿಕೊಳ್ಳುವ ಗೊರಬು, ಅದರ ಹಂದರ ಕೂಡ ಬಿದಿರೇ. ನಾನು ಒಂದು ಮೇದಾರ ಮನೆಯ ಅಂಗಳದಲ್ಲಿ ಒಂದಿಡೀ ಬೆಳಿಗ್ಗೆ ಕೂತು ನೋಡಿದ್ದೇನೆ. ಯಜಮಾನರು ಹಸಿ ಬಿದಿರನ್ನು ಕತ್ತಿಯಲ್ಲಿ ಸೀಳುತ್ತಾರೆ, ಗಂಟು ಬಂದಾಗ ಕೈ ಸ್ವಲ್ಪ ತಿರುಗುತ್ತದೆ, ಸೀಳು ಓರೆಯಾಗುವುದಿಲ್ಲ. ಹೊರ ಸಿಪ್ಪೆಯ ಪಟ್ಟಿ ಬೇರೆ, ಒಳಗಿನ ತಿರುಳಿನ ಪಟ್ಟಿ ಬೇರೆ. ಗಟ್ಟಿ ಬೇಕಾದಲ್ಲಿ ಹೊರಗಿನದು, ಬಾಗಬೇಕಾದಲ್ಲಿ ಒಳಗಿನದು. "ಇದು ಯಾವ ಕಡೆ ಬಾಗುತ್ತೆ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದೆ. "ಅದೇ ಹೇಳುತ್ತೆ" ಅಂದರು. ಪಕ್ಕದಲ್ಲಿ ಅವರ ಮೊಮ್ಮಗ ಕೂತು ಬರೀ ನೋಡುತ್ತಿದ್ದ. ಕೈಯಲ್ಲಿ ಏನೂ ಇರಲಿಲ್ಲ.

ಹುಡುಗನಿಗೂ ಒಂದು ತುಂಡು ಕೊಡಿ ಅಂದೆ. ಅವರು ನಕ್ಕು ತಲೆ ಅಲ್ಲಾಡಿಸಿದರು. "ಇದು ದುಡ್ಡು ಕೊಟ್ಟು ತಂದದ್ದು. ಕೆಡಿಸಿದ್ರೆ?" ಅಂದರು. ಅವರು ಚಿಕ್ಕವರಿದ್ದಾಗ ಹಿತ್ತಲಿನ ಹಿಂದೆಯೇ ಬಿದಿರು ಮೆಳೆ. ಒಂದು ದಿನಕ್ಕೆ ಹತ್ತು ಪಟ್ಟಿ ಹಾಳು ಮಾಡಿದರೂ ಅಪ್ಪ ಏನೂ ಅನ್ನುತ್ತಿರಲಿಲ್ಲವಂತೆ, ಹಾಳಾದದ್ದು ಒಲೆಗೆ. ಈಗ ಒಂದೊಂದು ಗಳಕ್ಕೂ ಲೆಕ್ಕ. ಗಳ ತುಟ್ಟಿಯಾದ ದಿನವೇ ಆ ಅಂಗಳದ ಶಾಲೆ ಮುಚ್ಚಿತು. ಹುಡುಗನಿಗೆ ಆಸಕ್ತಿ ಇಲ್ಲ, ಮೊಬೈಲ್ ಹಿಡಿದು ಕೂತಿರುತ್ತಾನೆ ಅಂತ ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ. ಆ ಹುಡುಗ ಅಷ್ಟು ಹೊತ್ತೂ ಕಣ್ಣು ತೆಗೆಯದೆ ತಾತನ ಕೈ ನೋಡುತ್ತಿದ್ದ.

ಬಿದಿರು ಯಾಕೆ ತುಟ್ಟಿಯಾಯಿತು? ಒಂದು ಕಾರಣ ಬಿದಿರಿನ ಸ್ವಭಾವ. ನಮ್ಮ ಕಡೆಯ ಮುಳ್ಳುಬಿದಿರು ಹಲವು ದಶಕಕ್ಕೊಮ್ಮೆ ಒಟ್ಟಿಗೇ ಹೂ ಬಿಡುತ್ತದೆ, ಬಿದಿರಕ್ಕಿ ಉದುರಿಸುತ್ತದೆ, ಆಮೇಲೆ ಮೆಳೆಗೆ ಮೆಳೆಯೇ ಒಣಗಿ ಸಾಯುತ್ತದೆ. ಹೊಸ ಸಸಿ ಬೆಳೆದು ಕಡಿಯುವಷ್ಟು ಆಗಲು ವರ್ಷಗಳು ಬೇಕು. ಇನ್ನೊಂದು ಕಾರಣ ಕಾನೂನು. ಬಿದಿರು ಹುಲ್ಲಿನ ಜಾತಿ. ಆದರೆ 1927ರ ಅರಣ್ಯ ಕಾಯ್ದೆ ಅದನ್ನು ಮರದ ಲೆಕ್ಕಕ್ಕೆ ಹಾಕಿತ್ತು. ಮರ ಅಂದಮೇಲೆ ಕಡಿಯಲಿಕ್ಕೆ ಪರವಾನಗಿ, ಸಾಗಿಸಲಿಕ್ಕೆ ಪರವಾನಗಿ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಅಂತ ಒಪ್ಪಿಕೊಂಡಿತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೆದದ್ದು 2017ರಲ್ಲಿ. ಸಂತೋಷ. ಆದರೆ ಸ್ವಂತ ಜಮೀನು ಇಲ್ಲದ ಮೇದಾರರಿಗೆ "ನಿಮ್ಮ ಜಮೀನಿನಲ್ಲಿ ಬೆಳೆದುಕೊಳ್ಳಿ" ಅಂದರೆ ಎಲ್ಲಿ ಬೆಳೆಯುತ್ತಾರೆ? ಊರಿನ ಗೋಮಾಳದಲ್ಲಿ, ಕೆರೆ ಏರಿಯಲ್ಲಿ ಅವರಿಗಾಗಿ ನಾಲ್ಕು ಮೆಳೆ ಬೆಳೆಸಲಿಕ್ಕೆ ಒಂದು ಗ್ರಾಮ ಪಂಚಾಯಿತಿಗೆ ಆಗುವುದಿಲ್ಲವಾ? ಇದನ್ನು ನಾನು ಕೇಳುತ್ತಲೇ ಇದ್ದೇನೆ, ಮುಂದೆಯೂ ಕೇಳುತ್ತೇನೆ.

ಗುಡಿಗಾರರದ್ದೂ ಹೀಗೇ. ಸಾಗರ, ಸೊರಬ, ಸಿದ್ದಾಪುರ, ಶಿರಸಿ ಕಡೆ ತಲೆಮಾರುಗಳಿಂದ ಗಂಧದ ಮರ ಕೆತ್ತಿದವರು. ಒಂದು ಬೆರಳುದ್ದದ ತುಂಡಿನಲ್ಲಿ ಬಳ್ಳಿ, ಹಕ್ಕಿ, ಆನೆ ಎಲ್ಲ ತರುತ್ತಾರೆ. ಆದರೆ ಗಂಧ 1792ರಲ್ಲಿ ಟಿಪ್ಪುವಿನ ಕಾಲದಲ್ಲಿ ಅರಸನ ಮರ ಆಯಿತು, ಆಮೇಲೆ ಸರ್ಕಾರದ ಮರ ಆಯಿತು. ನಮ್ಮ ಹಿತ್ತಲಲ್ಲಿ ತಾನಾಗಿ ಹುಟ್ಟಿದ್ದರೂ ಅದು ನಮ್ಮದಾಗಿರಲಿಲ್ಲ. 2001ರಲ್ಲಿ ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದಮೇಲೆ ಬೆಳೆದವರಿಗೆ ಹಕ್ಕು ಸಿಕ್ಕಿತು. ಆ ಹೊತ್ತಿಗೆ ಕಾಡಿನ ಗಂಧವೆಲ್ಲ ಕಳ್ಳರ ಪಾಲಾಗಿತ್ತು. ಗಂಧದ ಬೆಲೆಯಲ್ಲಿ ಯಾವ ಮಗುವಿಗೆ ಕೆಡಿಸಲಿಕ್ಕೆ ಕೊಡುತ್ತೀರಿ? ಈಗ ಶಿವನೆ ಮರ ಬಂದಿದೆ, ಮೆದು, ಅಗ್ಗ. ಕಲಿಯುವವರಿಗೆ ಒಳ್ಳೆಯದೇ. "ಶಿವನೆಯಲ್ಲಿ ಕೆತ್ತಿದರೆ ಕಲೆ ಕೆಳಗಿಳಿಯಿತು" ಅಂತ ಮೂಗು ಮುರಿಯುವವರ ಮಾತು ನನಗೆ ಹಿಡಿಸುವುದಿಲ್ಲ.

ಅದೇ ಗುಡಿಗಾರರು ಬೆಂಡಿನಲ್ಲಿ ಬಾಸಿಂಗ ಮಾಡುತ್ತಾರೆ. ಬೆಂಡು ಅಂದರೆ ಕೆರೆ, ಜೌಗಿನಲ್ಲಿ ಬೆಳೆಯುವ ಒಂದು ಗಿಡದ ಬಿಳಿ ತಿರುಳು, ಹತ್ತಿಯಷ್ಟು ಹಗುರ. ಅದನ್ನು ಕಾಗದದ ಹಾಗೆ ತೆಳ್ಳಗೆ ಹೆರೆದು, ಹೂವು ಮೊಗ್ಗು ಕತ್ತರಿಸಿ, ಬಣ್ಣ ಕಟ್ಟುತ್ತಾರೆ. ನಮ್ಮ ಕಡೆಯ ಒಂದು ಹಳೇ ಮದುವೆ ನೆನಪು ಮಾಡಿಕೊಳ್ಳಿ. ಹಣೆಗೆ ಗುಡಿಗಾರರ ಬಾಸಿಂಗ, ಸಾಮಾನಿಗೆ ಮೇದಾರರ ಬುಟ್ಟಿ, ಬೆನ್ನ ಹಿಂದೆ ಚಿತ್ತಾರಗಿತ್ತಿಯ ಗೋಡೆ. ಒಂದು ಮದುವೆಗೆ ಮೂರು ಮನೆಯ ಕೈ ಸೇರುತ್ತಿತ್ತು.

ಇಷ್ಟು ಹೇಳಿ ಹಳೇ ಕಾಲ ಬಹಳ ಚೆನ್ನಾಗಿತ್ತು ಅಂತ ನಾನು ಹೇಳಹೊರಟಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ಮೇದಾರರ ಮಗ ಮೇದಾರನೇ ಆಗಬೇಕು ಅಂತ ಜಾತಿ ಕಟ್ಟಿಹಾಕಿತ್ತು. ಅವರ ಬುಟ್ಟಿ ಮನೆಯೊಳಗೆ ಹೋಗುತ್ತಿತ್ತು, ಅವರು ಅಂಗಳದಲ್ಲೇ ನಿಲ್ಲುತ್ತಿದ್ದರು. ಇದನ್ನು ನಾವು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು. ನಮ್ಮ ಅಜ್ಜಿಯೂ ದಿನವಿಡೀ ಗದ್ದೆಯಲ್ಲಿ ಬಗ್ಗಿ, ರಾತ್ರಿ ಬುಡ್ಡಿ ದೀಪದಲ್ಲಿ ಗೋಡೆ ಬರೆದವರು. ಅದಕ್ಕೆ ಸಿಗುತ್ತಿದ್ದದ್ದು ಒಂದು ಎಲೆ ಅಡಿಕೆ, ಒಂದು ರವಿಕೆ ಕಣ, ಒಂದು ಹೊತ್ತಿನ ಊಟ. ಗೋಡೆಯೂ ಎಷ್ಟೋ ಮನೆಗಳಲ್ಲಿ ಅವರದ್ದಾಗಿರಲಿಲ್ಲ. ದೀವರಲ್ಲಿ ಬಹಳ ಜನ ಗೇಣಿದಾರರು. 1951ರಲ್ಲಿ ಇಲ್ಲೇ ಪಕ್ಕದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ಮೊದಲ ಮಾತೇ ಕೊಳಗದ ಅಳತೆ. ಗೇಣಿ ಅಳೆಯುವ ಕೊಳಗ ದೊಡ್ಡದು ಅನ್ನುವುದು ಅವರ ದೂರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಉಳುವವನಿಗೆ ಭೂಮಿ ಬರಲು 1974ರ ಭೂಸುಧಾರಣೆಯ ತಿದ್ದುಪಡಿ ತನಕ ಕಾಯಬೇಕಾಯಿತು. ಚಿತ್ತಾರದ ಚಂದ ಮಾತಾಡುವಾಗ ಆ ಕೊಳಗವನ್ನು ಮರೆಯಬಾರದು. ಒಂದೇ ಮನೆಯವರು ಹಗಲು ದೊಡ್ಡ ಕೊಳಗದಲ್ಲಿ ಭತ್ತ ಅಳೆದು ಕೊಟ್ಟರು, ರಾತ್ರಿ ಅದೇ ಭತ್ತದ ಒಂದು ಮುಷ್ಟಿ ಅಕ್ಕಿ ಅರೆದು ಗೋಡೆ ಬರೆದರು.

1964ರಲ್ಲಿ ಕರೆಂಟಿಗಾಗಿ ಲಿಂಗನಮಕ್ಕಿ ಅಣೆಕಟ್ಟೆ ಆಯಿತು. ಶರಾವತಿ ಕಣಿವೆಯ ಊರುಗಳು ನೀರಿಗೆ ಹೋದವು. ಬಾಗಿಲು, ಕಂಬ, ತೊಲೆ ಕಿತ್ತುಕೊಂಡು ಲಾರಿಯಲ್ಲಿ ಹೋದವರಿದ್ದಾರೆ. ಗೋಡೆಯನ್ನು ಕಿತ್ತುಕೊಂಡು ಹೋಗಲಿಕ್ಕೆ ಆಗುತ್ತದಾ? ಮಣ್ಣಿನ ಗೋಡೆ ನೀರಿನಲ್ಲಿ ಕರಗಿತು, ಕೆಮ್ಮಣ್ಣು, ಅಕ್ಕಿ ಹಿಟ್ಟು ಎಲ್ಲ ಶರಾವತಿಗೆ ಸೇರಿತು. ಬೇರೆ ಕಡೆ ಹೋಗಿ ನೆಲೆ ನಿಂತ ಹೆಂಗಸರು ಅಲ್ಲಿ ಮತ್ತೆ ಕೆಮ್ಮಣ್ಣು ಹುಡುಕಿದರು. ಮುಳುಗಡೆಯಾದ ಊರಿನಿಂದ ಬಂದ ನಮ್ಮ ನೆಂಟರೊಬ್ಬರು, ಹೊಸ ಊರಿನ ಮಣ್ಣು ಎಷ್ಟು ಬಳಿದರೂ ಆ ಕೆಂಪು ಬರಲಿಲ್ಲ ಅಂತ ಸಾಯುವ ತನಕ ಹೇಳುತ್ತಿದ್ದರು. ನಮ್ಮ ಮನೆಯ ಬಲ್ಬು ಹತ್ತಿದಾಗ ನನಗೆ ಆ ಮಾತು ನೆನಪಾಗುತ್ತದೆ.

ಗೋಡೆ ಹೋದ ಇನ್ನೊಂದು ದಾರಿ ನಮ್ಮ ಮನೆಯಲ್ಲೇ ಇದೆ. ಹಳೇ ಮಣ್ಣಿನ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿದೆವು. ಅದು ತಪ್ಪಲ್ಲ, ಸೋರದ ಮನೆ ಎಲ್ಲರಿಗೂ ಬೇಕು. ಆದರೆ ಹೊಸ ಗೋಡೆಗೆ ಆಯಿಲ್ ಪೇಂಟ್ ಹೊಡೆಸಿದೆವು. ಅಜ್ಜಿ ಒಂದು ದಿನ ಅದರ ಮೇಲೆ ಹಿಟ್ಟಿನ ಗೆರೆ ಎಳೆದು ನೋಡಿದರು. ನಿಲ್ಲಲಿಲ್ಲ, ಜಾರಿತು. ಕೈ ಒರೆಸಿಕೊಂಡು ಎದ್ದುಹೋದರು. ಅಣ್ಣನ ಮದುವೆ ಛತ್ರದಲ್ಲಿ ಆಯಿತು. ಹಸೆಯ ಹಿಂದೆ ಚಿತ್ತಾರ ಇತ್ತು, ಫ್ಲೆಕ್ಸಿನ ಮೇಲೆ ಅಚ್ಚು ಹಾಕಿಸಿದ್ದು. ಅಜ್ಜಿ ಅದರ ಹತ್ತಿರ ಹೋಗಿ ಬೆರಳಿನಿಂದ ಒಂದು ಗೆರೆ ಮುಟ್ಟಿ ನೋಡಿದರು. ಏನೂ ಅನ್ನಲಿಲ್ಲ. ಆ ಫ್ಲೆಕ್ಸಿನ ಪಕ್ಕದಲ್ಲಿ ಗೀಚಲಿಕ್ಕೆ ಯಾವ ಹುಡುಗಿಗೂ ಒಂದು ಮೊಳ ಜಾಗ ಇರಲಿಲ್ಲ.

ಗದ್ದೆಯದ್ದೂ ಇದೇ ಮಾತು. ಭತ್ತದ ತೆನೆಯನ್ನು ಹೆಣೆದು ಬಾಗಿಲಿಗೆ ತೋರಣ ಕಟ್ಟುತ್ತೇವಲ್ಲ, ಅದಕ್ಕೆ ಉದ್ದ ದಂಟಿನ ಹಳೇ ತಳಿ ಬೇಕು. ಹೊಸ ತಳಿಗಳ ದಂಟು ಗಿಡ್ಡ, ಹೆಣೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಇನ್ನು ಗದ್ದೆಗಳೇ ಅಡಿಕೆ ತೋಟ ಆಗುತ್ತಿವೆ. ಭೂಮಿ ಹುಣ್ಣಿಮೆ ಬಂದರೆ ನಮ್ಮ ಮನೆಯಲ್ಲಿ ಈಗಲೂ ಭೂಮಣ್ಣಿ ಬುಟ್ಟಿ ತೆಗೆಯುತ್ತೇವೆ. ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಬಿಳಿ ಚಿತ್ತಾರ ಬರೆದು, ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲೇ ದೊಂದಿ ಹಿಡಿದು ಗದ್ದೆಗೆ ಹೋಗಿ ಬಸುರಿ ಭೂಮಿತಾಯಿಗೆ ಬಯಕೆಯ ಊಟ ಬಡಿಸುವುದು. ಪೈರು ಹೊಡೆ ತುಂಬಿ ನಿಂತಿರುವ ಹೊತ್ತು ಅದು. ನನ್ನ ಮಟ್ಟಿಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಹಬ್ಬ ಇಲ್ಲ. ಬುಟ್ಟಿ ಚಿಕ್ಕದು, ಗುಂಡಗಿನದು, ಮಡಿಲಲ್ಲಿ ಇಟ್ಟುಕೊಂಡು ಬರೆಯಬಹುದು. ಗೋಡೆ ಹೋದ ಮೇಲೂ ಚಿತ್ತಾರ ಬದುಕಿರುವುದು ಬಹುಪಾಲು ಈ ಬುಟ್ಟಿಯ ಮೇಲೆ ಅಂತ ನನ್ನ ಅನಿಸಿಕೆ. ಹಬ್ಬ ಇದೆ, ಹಾಗಾಗಿ ವರ್ಷಕ್ಕೊಮ್ಮೆ ಕೈಗೆ ಕೆಲಸ ಇದೆ. ಹಬ್ಬದ ಹಿಂದಿನ ದಿನ ಮಕ್ಕಳೂ ಒಂದು ಹಳೇ ಬುಟ್ಟಿ ಹಿಡಿದು ಕೆಡಿಸುತ್ತಾರೆ.

ಇಷ್ಟು ಹೊತ್ತಿಗೆ ಒಬ್ಬ ಯುವಕ ಎದ್ದು ಕೇಳಿದ. "ಹಾಗಾದರೆ ಮಾರಾಟ ಮಾಡಬಾರದಾ? ಬಟ್ಟೆ ಮೇಲೆ, ಕಾಗದದ ಮೇಲೆ ಬರೆದು ಮಾರುವುದು ತಪ್ಪಾ?"

ಖಂಡಿತ ತಪ್ಪಲ್ಲ. ಬಿಹಾರದ ಮಧುಬನಿಯ ಚಿತ್ರಗಳೂ ಮೊದಲು ಗೋಡೆಯ ಮೇಲೇ ಇದ್ದವು. 1934ರ ಭೂಕಂಪದಲ್ಲಿ ಮನೆಗಳು ಬಿದ್ದಾಗ ಹೊರಗಿನವರ ಕಣ್ಣಿಗೆ ಆ ಗೋಡೆಗಳು ಕಂಡವು. 1960ರ ದಶಕದ ಬರಗಾಲದಲ್ಲಿ ಕರಕುಶಲ ಕಲೆಗಳಿಗಾಗಿ ದುಡಿದ ಪುಪುಲ್ ಜಯಕರ್ ಅವರು ಭಾಸ್ಕರ ಕುಲಕರ್ಣಿ ಅನ್ನುವ ಕಲಾವಿದರನ್ನು ಕಳಿಸಿದರು, ಅವರು ಹೆಂಗಸರಿಗೆ ಕಾಗದ ಕೊಟ್ಟರು. ಗೋಡೆಯಿಂದ ಕಾಗದಕ್ಕೆ ಬಂದ ಆ ಚಿತ್ರ ಎಷ್ಟೋ ಮನೆಗಳಿಗೆ ಊಟ ಕೊಟ್ಟಿತು. ಮಹಾರಾಷ್ಟ್ರದ ವರ್ಲಿ ಚಿತ್ರಗಳ ಕಲಾವಿದ ಜೀವ್ಯಾ ಸೋಮಾ ಮಾಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ನಮ್ಮ ಚಿತ್ತಾರ ಬಟ್ಟೆಗೆ, ಸೆಣಬಿಗೆ, ಕಾಗದಕ್ಕೆ ಬರಲಿ. ನಾನು ಕೇಳುವುದು ಬರೆದವರ ಹೆಸರು ಅದರ ಮೇಲಿರಲಿ, ದುಡ್ಡು ಅವರ ಕೈಗೆ ಸರಿಯಾಗಿ ಸೇರಲಿ ಅಂತ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ದೊಡ್ಡಮ್ಮ ಮತ್ತು ಇನ್ನು ಮೂರು ಜನ ಹೆಂಗಸರು ಒಂದು ರೆಸಾರ್ಟಿಗೆ ಹೋಗಿ ಹನ್ನೊಂದು ದಿನ ಗೋಡೆ ಬರೆದರು. ರೆಸಾರ್ಟಿನ ಹೆಸರು ಹೇಳುವುದು ಬೇಡ. ಅಲ್ಲಿಯವರು ಅಕ್ಕಿ ಹಿಟ್ಟು ಬೇಡ, ಡಬ್ಬಿ ಬಣ್ಣದಲ್ಲೇ ಮಾಡಿ ಅಂದರು. ಇವರು ಒಪ್ಪಿದರು. ಅರ್ಧ ದುಡ್ಡು ಮೊದಲೇ ಕೊಟ್ಟಿದ್ದರು, ಉಳಿದರ್ಧ ಇವತ್ತಿಗೂ ಬಂದಿಲ್ಲ. ಗೋಡೆಯ ಪಕ್ಕದ ಫಲಕದಲ್ಲಿ ಮಲೆನಾಡಿನ ಜಾನಪದ ಕಲೆ ಅಂತ ಇದೆ. ನಾಲ್ಕು ಜನರ ಹೆಸರು ಬರೆಯಲು ಎಷ್ಟು ಜಾಗ ಬೇಕಿತ್ತು?

ಒಬ್ಬ ಮೇಷ್ಟ್ರು ಕೇಳಿದರು, ಚನ್ನಪಟ್ಟಣದ ಗೊಂಬೆಗೆ, ಇಳಕಲ್ ಸೀರೆಗೆ, ಕಿನ್ನಾಳದ ಕಲೆಗೆ ಸಿಕ್ಕಿರುವ ಜಿಐ ಅಂದರೆ ಭೌಗೋಳಿಕ ಗುರುತಿನ ಮುದ್ರೆಯಂಥದ್ದು ನಮ್ಮ ಕಸುಬುಗಳಿಗೂ ಬಂದರೆ ಉಪಯೋಗ ಇದೆಯಾ ಅಂತ. ಇದೆ ಮೇಷ್ಟ್ರೇ. ಹೆಸರು ಕದಿಯುವವರನ್ನು ತಡೆಯಲು ಬೇಕು. ಆದರೆ ಮುದ್ರೆ ಬಂದರೂ ಮೇದಾರ ಹುಡುಗನ ಕೈಗೆ ಬಿದಿರು ತುಂಡು ಬರುವುದಿಲ್ಲವಲ್ಲ. ಎರಡೂ ಆಗಬೇಕು. ಮೊದಲು ಯಾವುದು ಅಂದರೆ ನಾನು ಬಿದಿರು ಅನ್ನುತ್ತೇನೆ.

ಇನ್ನೊಬ್ಬಳು ಹುಡುಗಿ, ಕಾಲೇಜಿನವಳು, ಸ್ವಲ್ಪ ಸಂಕೋಚದಿಂದ ಕೇಳಿದಳು. "ನಮ್ಮ ಮನೆಯಲ್ಲಿ ಯಾರೂ ಚಿತ್ತಾರ ಬರೆಯುವವರಲ್ಲ. ನಾನು ಯೂಟ್ಯೂಬ್ ನೋಡಿ ಕಲಿತೆ. ಅದು ಸರಿಯಾ?"

ಅವಳ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ನೋಡಮ್ಮಾ, ನಮ್ಮ ಅಜ್ಜಿಯೂ ನೋಡುತ್ತಾ ನೋಡುತ್ತಾ ಬಂತು ಅಂತ ತಾನೇ ಅಂದಿದ್ದು. ನೀನೂ ನೋಡಿದ್ದೀಯ. ಇಲ್ಲೇ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಅನ್ನುವ ಕೈಮಗ್ಗದ ಸಂಸ್ಥೆ ಇದೆ, ರಂಗಕರ್ಮಿ ಪ್ರಸನ್ನ ಅವರು ಶುರು ಮಾಡಿದ್ದು. ನೇಯ್ಗೆಯ ಕುಲಕಸುಬಿಲ್ಲದ ಮನೆಗಳ ಹೆಣ್ಣುಮಕ್ಕಳು ಅಲ್ಲಿ ಮಗ್ಗ ಕಲಿತರು, ಬಣ್ಣ ಹಾಕಲು ಕಲಿತರು. ಅಡಿಕೆ ಬೇಯಿಸಿದ ಚೊಗರು ನಮ್ಮೆಲ್ಲರ ಮನೆಯ ಅಂಗಳದಲ್ಲೂ ಇರುತ್ತಿತ್ತು. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ ಅಂತ ಬೈಸಿಕೊಂಡವರು ನಾವು. ಆ ಹೋಗದ ಕಲೆಯನ್ನೇ ಅವರು ಸೀರೆಯ ಬಣ್ಣ ಮಾಡಿದರು. ಯಾವ ಮನೆಯಲ್ಲಿ ಹುಟ್ಟಿದೆ ಅನ್ನುವುದು ಕಲಿಕೆಗೆ ಅಡ್ಡ ಬರಬಾರದು. ಹಾಗೆ ಅಡ್ಡ ಬಂದ ಕಾಲವನ್ನು ನೋಡಿಯಾಗಿದೆ. ಆದರೆ ವಿಡಿಯೋದಲ್ಲಿ ಕೈ ಕಾಣುತ್ತದೆ, ಉಸಿರು ಕೇಳುವುದಿಲ್ಲ. ಹಿಟ್ಟು ಎಷ್ಟು ತೆಳ್ಳಗಿರಬೇಕು ಅನ್ನುವುದು ಬೆರಳಿಗೆ ತಾಗಿಯೇ ಗೊತ್ತಾಗಬೇಕು. ನಮ್ಮ ದೊಡ್ಡಮ್ಮನ ಮನೆಗೆ ಬಾ. ಅವರು ಕಲಿಸುವುದಿಲ್ಲ, ಮೊದಲೇ ಹೇಳಿರುತ್ತೇನೆ. ಪಕ್ಕದಲ್ಲಿ ಕೂರಲು ಬಿಡುತ್ತಾರೆ.

ಕೊನೆಗೆ ಶಾಲೆಯ ಗೋಡೆಯ ಮಾತು. ಹಿಂದಿನ ವರ್ಷ ನಮ್ಮ ಊರಿನ ಶಾಲೆಯಲ್ಲಿ ಒಂದು ಸಣ್ಣ ಕೆಲಸ ಮಾಡಿದೆವು. ಬಿಸಿಯೂಟದ ಕೋಣೆಯ ಹಿಂದಿನ ಗೋಡೆ, ನಾಲ್ಕಡಿ ಎತ್ತರದ ತನಕ, ಸುಣ್ಣ ಕೆರೆದು, ಮಣ್ಣು ಮೆತ್ತಿ, ಕೆಮ್ಮಣ್ಣು ಬಳಿದೆವು. ನಾಲ್ಕಡಿ ಯಾಕೆ ಅಂದರೆ ಅದಕ್ಕಿಂತ ಮೇಲೆ ಮಕ್ಕಳ ಕೈಗೆ ಎಟುಕುವುದಿಲ್ಲ, ದೊಡ್ಡವರು ಬರೆದುಬಿಡುತ್ತಾರೆ. ಒಂದೇ ನಿಯಮ. ಚೆನ್ನಾಗಿದೆ ಅಂತ ಯಾರೂ ಹೇಳಬಾರದು, ಚೆನ್ನಾಗಿಲ್ಲ ಅಂತಲೂ ಹೇಳಬಾರದು. ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ಮೊದಲ ವಾರ ಮಕ್ಕಳು ಕ್ರಿಕೆಟ್ ಬ್ಯಾಟು, ಬಸ್ಸು, ತಮ್ಮ ಹೆಸರು ಬರೆದರು. ಬರೆಯಲಿ ಅಂತ ಬಿಟ್ಟೆವು. ಮೂರನೇ ವಾರ ಒಬ್ಬ ಹುಡುಗ ಬಸ್ಸಿನ ಸುತ್ತ ಗೆರೆಯ ಅಂಚು ಕಟ್ಟಿದ. ಅವನ ಅಜ್ಜಿ ಭೂಮಣ್ಣಿ ಬುಟ್ಟಿಗೆ ಕಟ್ಟುವ ಅಂಚೇ ಅದು. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಳೆಗಾಲದಲ್ಲಿ ಎರಚಲಿಗೆ ಗೋಡೆ ಅರ್ಧ ತೊಳೆದುಹೋಯಿತು, ಈ ವರ್ಷ ಮತ್ತೆ ಬಳಿಯುತ್ತೇವೆ.

ಇಲ್ಲಿಯೂ ಒಂದು ಗೋಡೆ ಕೊಡಿ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿದೆ. ಈಗ ಚಹಾ ಕುಡಿಯುವಾಗ ಬಾವಿಯ ಕಡೆಯ ಗೋಡೆ ತೋರಿಸಿದ್ದಾರೆ. ಮಣ್ಣನ್ನು ನಾವು ತರುತ್ತೇವೆ. ಅಕ್ಕಿ ಎರಡು ಸೇರು ಸಾಕು, ಅದನ್ನು ಯಾರಾದರೂ ಕೊಡುತ್ತೀರಿ, ನನಗೆ ಗೊತ್ತು. ಪುಂಡಿ ನಾರು ಮಾತ್ರ ಈಗ ಸಿಗುವುದು ಕಷ್ಟ. ಯಾರ ಮನೆಯಲ್ಲಾದರೂ ಇದೆಯಾ ಅಂತ ಕೇಳಿದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದೆ, ಕಂಬದ ಪಕ್ಕ ಕೂತಿದ್ದ ಒಬ್ಬ ಅಜ್ಜಿ ಕೈ ಎತ್ತಿದರು. "ಅಟ್ಟದ ಮೇಲೆ ಒಂದು ಕಟ್ಟು ಇರ್ಬೇಕು, ನೋಡ್ತೀನಿ. ಯಾವತ್ತು ಬೇಕು?" ಅಂದರು. ಭಾನುವಾರ ಅಂದೆ.